ನಲವತ್ತೆರಡು ವರ್ಷ ಕಣ್ಮರೆಯಾಗಿದ್ದ ಹಳದಿ ಸಾಲಮ್ಯಾಂಡರ್



ಗ್ವಾಟೆಮಾಲಾ ಎಂಬ ಹೆಸರನ್ನು ನೀವು ಏಲಕ್ಕಿ ಮಾರುಕಟ್ಟೆಯ ಸುದ್ದಿಗಳಲ್ಲಿ ಓದಿರಬಹುದು. ನಮ್ಮ ಸಹ್ಯಾದ್ರಿಯಲ್ಲಿ ಹುಟ್ಟಿ ಬೆಳೆದ ಏಲಕ್ಕಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಡಲು ದಾಟಿ ಮಧ್ಯ ಅಮೆರಿಕದ ಆ ಸಣ್ಣ ದೇಶವನ್ನು ಸೇರಿತು. ಅಲ್ಲಿ ಕಾಫಿ ಬೆಳೆಯುತ್ತಿದ್ದ ಜರ್ಮನ್ನರು ಅದನ್ನು ನೆಟ್ಟು ಬೆಳೆಸಿದರು. ಮುಂದೆ ಅದೇ ದೇಶ ಏಲಕ್ಕಿ ರಫ್ತಿನಲ್ಲಿ ಭಾರತವನ್ನೂ ಹಿಂದೆ ಹಾಕಿತು. ಅರಬ್ ನಾಡುಗಳಲ್ಲಿ ಅತಿಥಿಗಳ ಮುಂದೆ ಇಡುವ ಕಹ್ವಾದ ಪರಿಮಳದಲ್ಲಿ ಗ್ವಾಟೆಮಾಲಾದ ಪಾಲು ದೊಡ್ಡದು.

ಏಲಕ್ಕಿ ಮತ್ತು ಕಾಫಿಗೆ ಬೇಕಾಗುವುದು ತಂಪಾದ, ತೇವಭರಿತ ಬೆಟ್ಟದ ಇಳಿಜಾರು. ಅಂಥದೇ ಇಳಿಜಾರಿನ ಕಾಡಿನಲ್ಲಿ ಒಂದು ಅಪರೂಪದ ಜೀವಿ ವಾಸಿಸುತ್ತದೆ. ಒಮ್ಮೆ ಕಂಡು ನಲವತ್ತೆರಡು ವರ್ಷ ಮರೆಯಾಗಿ ಪುನಃ ಪತ್ತೆಯಾದ ಆ ಜೀವಿಯ ಇತಿಹಾಸವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಬೆಂಕಿಯ ಪ್ರಾಣಿಯಲ್ಲ, ಮಂಜಿನ ಪ್ರಾಣಿ

ಸಾಲಮ್ಯಾಂಡರ್ ನೋಡಲು ಹಲ್ಲಿಯಂತಿದ್ದರೂ ಕಪ್ಪೆಯ ಬಂಧು. ಇದು ಬೆಂಕಿಯಲ್ಲಿ ಸುಡುವುದಿಲ್ಲ ಎಂಬ ನಂಬಿಕೆ ಪ್ರಾಚೀನ ಗ್ರೀಕ್ ಮತ್ತು ರೋಮನ್ ಕಾಲದಿಂದಲೂ ಇತ್ತು. ಅರಬಿ ಗ್ರಂಥಗಳಲ್ಲಿಯೂ ಬೆಂಕಿಗೆ ಜಗ್ಗದ ‘ಸಮಂದಲ್’ ಎಂಬ ಜೀವಿಯ ವರ್ಣನೆ ಬರುತ್ತದೆ. ಬೆಂಕಿಯಲ್ಲಿ ಸುಡದ ಬಟ್ಟೆ ಸಾಲಮ್ಯಾಂಡರ್‌ನ ಚರ್ಮದಿಂದ ಆದದ್ದಲ್ಲ, ನೆಲದಿಂದ ಅಗೆದು ತೆಗೆದ ಖನಿಜದ ನಾರಿನದು ಎಂದು ಹದಿಮೂರನೆಯ ಶತಮಾನದಲ್ಲಿ ಮಾರ್ಕೊ ಪೋಲೊ ತಿಳಿಸಿದನು. ನಾವು ಇಂದು ಕಲ್ನಾರು ಎನ್ನುವುದು ಅದನ್ನೇ.

ವಾಸ್ತವ ಸಂಗತಿ ಇದಕ್ಕೆ ತೀರಾ ವಿರುದ್ಧವಾಗಿದೆ. ಮಧ್ಯ ಅಮೆರಿಕದ ಸಾಲಮ್ಯಾಂಡರ್‌ಗಳಿಗೆ ಶ್ವಾಸಕೋಶವೇ ಇಲ್ಲ. ಅವು ಉಸಿರಾಡುವುದು ಚರ್ಮದ ಮೂಲಕ ಮತ್ತು ಬಾಯಿಯ ಒಳಪದರದ ಮೂಲಕ. ಚರ್ಮ ಒಣಗಿತೆಂದರೆ ಉಸಿರು ನಿಂತಂತೆಯೇ. ಆದುದರಿಂದ ಬಿಸಿಲು ಅವುಗಳ ವೈರಿ, ಮಂಜು ಅವುಗಳ ಜೀವಾಳ. ಅವು ಮೊಟ್ಟೆ ಇಡಲು ಕೆರೆಕುಂಟೆಗಳನ್ನು ಹುಡುಕುವುದಿಲ್ಲ. ತೇವದ ನೆಲದಲ್ಲಿ, ಪಾಚಿಯ ಮರೆಯಲ್ಲಿ ಮೊಟ್ಟೆಯೊಡೆದು ಬರುವ ಮರಿ ಗೊದಮೊಟ್ಟೆಯಾಗದೆ ನೇರವಾಗಿ ಪುಟ್ಟ ಸಾಲಮ್ಯಾಂಡರ್ ಆಗಿಯೇ ಹೊರಬರುತ್ತದೆ. ಕಾಡು ಕಡಿದು ನೆಲಕ್ಕೆ ಬಿಸಿಲು ಬಿದ್ದರೆ ಇವುಗಳಿಗೆ ಹೋಗಲು ಬೇರೆ ಜಾಗವಿಲ್ಲ.

1975ರ ಶೋಧನೆ

ಗ್ವಾಟೆಮಾಲಾದ ವಾಯವ್ಯ ಭಾಗದಲ್ಲಿ ಕುಚುಮತಾನೆಸ್ ಎಂಬ ಪರ್ವತಶ್ರೇಣಿ ಇದೆ. ಇದರ ಎತ್ತರದ ಭಾಗಗಳು 3,800 ಮೀಟರ್ ಮೀರುತ್ತವೆ. 1975ರಲ್ಲಿ ಪಾಲ್ ಎಲಿಯಾಸ್ ಮತ್ತು ಜೆರೆಮಿ ಜಾಕ್ಸನ್ ಎಂಬ ಇಬ್ಬರು ಅಮೆರಿಕನ್ ಯುವಕರು ಈ ಬೆಟ್ಟಗಳ ಮಂಜಿನ ಕಾಡುಗಳಲ್ಲಿ ಅಲೆದರು. ವಿಜ್ಞಾನಕ್ಕೆ ಅದುವರೆಗೆ ತಿಳಿಯದಿದ್ದ ಸಾಲಮ್ಯಾಂಡರ್‌ಗಳು ಅವರಿಗೆ ದೊರೆತವು. ಅವುಗಳಲ್ಲಿ ಅತ್ಯಂತ ಸುಂದರವಾದದ್ದು ಹೊಳೆಯುವ ಹಳದಿ ಮೈ, ಬೆನ್ನುದ್ದಕ್ಕೂ ಕಪ್ಪು ಕಂದು ಪಟ್ಟಿ ಇದ್ದ ಒಂದು ಜಾತಿ. 1984ರಲ್ಲಿ ಎಲಿಯಾಸ್ ಇದನ್ನು ವೈಜ್ಞಾನಿಕವಾಗಿ ವರ್ಣಿಸಿ, ತನ್ನ ಗೆಳೆಯನ ನೆನಪಿಗಾಗಿ ಬೊಲಿಟೊಗ್ಲೋಸಾ ಜಾಕ್ಸೊನಿ ಎಂದು ಹೆಸರಿಟ್ಟರು.

ಹೆಸರೇನೋ ಬಂತು, ಪ್ರಾಣಿ ಮಾತ್ರ ಮತ್ತೆ ಕಾಣಲಿಲ್ಲ. ಅದಕ್ಕೆ ಆ ದೇಶದ ಇತಿಹಾಸವೂ ಅಡ್ಡ ಬಂತು. 1960ರಿಂದ 1996ರವರೆಗೆ, ಮೂವತ್ತಾರು ವರ್ಷಗಳ ಕಾಲ ಗ್ವಾಟೆಮಾಲಾ ಅಂತರ್ಯುದ್ಧದಲ್ಲಿ ಬೆಂದಿತು. ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು ಎಂದು 1999ರಲ್ಲಿ ಸತ್ಯಶೋಧನಾ ಆಯೋಗ ಅಂದಾಜು ಮಾಡಿತು. ಹತರಾದವರಲ್ಲಿ ಬಹುಪಾಲು ಮಾಯಾ ಬುಡಕಟ್ಟಿನವರು. ಕುಚುಮತಾನೆಸ್ ಬೆಟ್ಟದ ಹಳ್ಳಿಗಳೂ ಈ ಹಿಂಸೆಗೆ ಗುರಿಯಾದವು. ಮನುಷ್ಯರನ್ನೇ ಹುಡುಕುವವರಿಲ್ಲದ ಕಾಲದಲ್ಲಿ ಒಂದು ಬೆರಳುದ್ದದ ಪ್ರಾಣಿಯನ್ನು ಹುಡುಕುವವರು ಯಾರು?

ಇದರ ನಡುವೆ ಇನ್ನೂ ಒಂದು ಆತಂಕ ಹುಟ್ಟಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದ ಡೇವಿಡ್ ವೇಕ್ ಮತ್ತು ಸಂಗಡಿಗರು, 1970ರ ದಶಕದಲ್ಲಿ ಸಮೀಕ್ಷೆ ನಡೆದಿದ್ದ ಗ್ವಾಟೆಮಾಲಾ ಮತ್ತು ಮೆಕ್ಸಿಕೊದ ಬೆಟ್ಟಗಳನ್ನು ಮತ್ತೆ ಪರಿಶೀಲಿಸಿ 2009ರಲ್ಲಿ ವರದಿ ಪ್ರಕಟಿಸಿದರು. ಹಿಂದೆ ಯಥೇಚ್ಛವಾಗಿದ್ದ ಕೆಲವು ಸಾಲಮ್ಯಾಂಡರ್‌ಗಳು ಬಹುತೇಕ ಇಲ್ಲವಾಗಿದ್ದವು. ಕಾಡು ಉಳಿದಿದ್ದ ಕಡೆಯೂ ಪ್ರಾಣಿ ಉಳಿದಿರಲಿಲ್ಲ. ಕೈಟ್ರಿಡ್ ಎಂಬ ಶಿಲೀಂಧ್ರ ಚರ್ಮಕ್ಕೆ ತಗುಲಿ ಈ ಜೀವಿಗಳನ್ನು ಕೊಲ್ಲುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಕಾಪಿಟ್ಟಿದ್ದ ಹಳೆಯ ಮಾದರಿಗಳ ಮೇಲೆಯೇ ಅದರ ಕುರುಹು ಸಿಕ್ಕಿತೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು.

ಕಾವಲುಗಾರನ ಕಣ್ಣು

ಗ್ವಾಟೆಮಾಲಾದ ಸ್ಯಾನ್ ಕಾರ್ಲೊಸ್ ವಿಶ್ವವಿದ್ಯಾನಿಲಯದ ಕಾರ್ಲೊಸ್ ವಾಸ್ಕೆಸ್ ಆಸೆ ಬಿಡಲಿಲ್ಲ. ಅವರ ತಂಡ ವರ್ಷಗಟ್ಟಲೆ ಈ ಕಾಡುಗಳಲ್ಲಿ ರಾತ್ರಿ ದೀಪ ಹಿಡಿದು ಹುಡುಕಿತು. 1975ರ ಕಾಲದ ಬೇರೆ ಎರಡು ಸಾಲಮ್ಯಾಂಡರ್‌ಗಳು ಸಿಕ್ಕವು. ಹಳದಿಯದು ಸಿಗಲಿಲ್ಲ. ಕಾಡು ಮಾತ್ರ ದಿನೇದಿನೇ ಕರಗುತ್ತಿತ್ತು. ಕೊನೆಗೆ ಅಲ್ಲಿನ ಸಂರಕ್ಷಣಾ ಸಂಸ್ಥೆ ಫುಂಡಾಇಕೊ, ಹೊರದೇಶಗಳ ಹಲವು ಸಂಸ್ಥೆಗಳ ನೆರವಿನಿಂದ 2015ರಲ್ಲಿ ಫಿಂಕಾ ಸ್ಯಾನ್ ಇಸಿಡ್ರೊ ಎಂಬಲ್ಲಿ ಉಭಯಚರಗಳಿಗಾಗಿಯೇ ಒಂದು ರಕ್ಷಿತಾರಣ್ಯವನ್ನು ಸ್ಥಾಪಿಸಿತು. ಹಳದಿ ಸಾಲಮ್ಯಾಂಡರ್ ಬದುಕಿದೆಯೋ ಇಲ್ಲವೋ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು.

2017ರಲ್ಲಿ ಗ್ಲೋಬಲ್ ವೈಲ್ಡ್‌ಲೈಫ್ ಕನ್ಸರ್ವೇಶನ್ ಸಂಸ್ಥೆ ಜಗತ್ತಿನಾದ್ಯಂತ ಕಣ್ಮರೆಯಾದ ಜೀವಿಗಳಲ್ಲಿ ಮುಖ್ಯವಾಗಿ ಹುಡುಕಬೇಕಾದ 25 ಜಾತಿಗಳ ಪಟ್ಟಿ ಮಾಡಿತು. ಅದರಲ್ಲಿ ಈ ಸಾಲಮ್ಯಾಂಡರ್ ಕೂಡ ಇತ್ತು. 2018ರ ಜನವರಿಯಲ್ಲಿ ವಿಜ್ಞಾನಿಗಳು ಹುಡುಕಾಟಕ್ಕೆ ಹೊರಡುವುದೆಂದು ನಿಶ್ಚಯವಾಗಿತ್ತು. ಆದರೆ 2017ರ ಅಕ್ಟೋಬರ್‌ನಲ್ಲಿಯೇ ರಕ್ಷಿತಾರಣ್ಯದ ಕಾವಲುಗಾರ ರಾಮೊಸ್ ಲಿಯೋನ್ ಗಸ್ತಿನಲ್ಲಿದ್ದಾಗ ಕಾಡಿನ ಅಂಚಿನಲ್ಲಿ ಹಳದಿ ಬಣ್ಣದ ಒಂದು ಮರಿಯನ್ನು ಕಂಡರು. ಚಿತ್ರ ತೆಗೆದು ವಾಸ್ಕೆಸ್ ಅವರಿಗೆ ಕಳುಹಿಸಿದರು. ಅದು ಅದೇ ಆಗಿತ್ತು! ಇಪ್ಪತ್ತೈದರ ಪಟ್ಟಿಯಲ್ಲಿ ಮೊದಲು ಪತ್ತೆಯಾದ ಜೀವಿ ಇದೇ. ಹಿಂದೆ ಕಂಡಿದ್ದ ಎತ್ತರಕ್ಕಿಂತ ಸುಮಾರು 300 ಮೀಟರ್ ಮೇಲೆ ಇದು ಸಿಕ್ಕಿತ್ತು.

ನಮ್ಮ ನಾಡಿನ ಮಾತು

ಓದುಗರೇ, ಭಾರತದಲ್ಲಿ ಸಾಲಮ್ಯಾಂಡರ್ ವರ್ಗದ ಪ್ರಾಣಿಗಳು ಪೂರ್ವ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಮಾತ್ರ ಇವೆ. ಡಾರ್ಜಿಲಿಂಗ್ ಬಳಿಯ ಜೋರ್‌ಪೋಖ್ರಿ ಎಂಬ ಪುಟ್ಟ ಅಭಯಾರಣ್ಯ ಅವುಗಳಿಗಾಗಿಯೇ 1985ರಲ್ಲಿ ಸ್ಥಾಪನೆಯಾಯಿತು. ಸಹ್ಯಾದ್ರಿಯಲ್ಲಿ ಸಾಲಮ್ಯಾಂಡರ್ ಇಲ್ಲ. ಆದರೆ ಅದರ ಕಥೆಯನ್ನೇ ಹೋಲುವ ಕಥೆ ಇಲ್ಲಿಯೂ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾವ್ ಅವರು 1937ರಲ್ಲಿ ಹಾಸನ ಜಿಲ್ಲೆಯ ಕೆಂಪುಹೊಳೆ ಕಾಡಿನಿಂದ ಹಲವು ಕಪ್ಪೆಗಳನ್ನು ವರ್ಣಿಸಿದರು. ಅವರು ಸಂಗ್ರಹಿಸಿಟ್ಟ ಮಾದರಿಗಳು ಕಾಲಕ್ರಮದಲ್ಲಿ ಕಳೆದುಹೋದವು. ಅವುಗಳಲ್ಲಿ ಒಂದಾದ ಮೈಕ್ರಿಕ್ಸಾಲಸ್ ಎಲಿಗಾನ್ಸ್ ಎಂಬ ಪುಟ್ಟ ಕಪ್ಪೆ ಏಳು ದಶಕಗಳ ಬಳಿಕ, ಪ್ರೊ. ಎಸ್. ಡಿ. ಬಿಜು ಅವರ ನೇತೃತ್ವದಲ್ಲಿ 2010ರಲ್ಲಿ ಆರಂಭವಾದ ಹುಡುಕಾಟದಲ್ಲಿ ಅದೇ ಕೆಂಪುಹೊಳೆಯಲ್ಲಿ ಮತ್ತೆ ದೊರೆಯಿತು.

ಈ ಎರಡೂ ಕಥೆಗಳಲ್ಲಿ ಸಮಾನವಾದದ್ದು ಏನೆಂದು ಯೋಚಿಸಿ ನೋಡಿ. ಯಾವ ಬೆಟ್ಟದಲ್ಲಿ, ಯಾವ ವರ್ಷ, ಏನನ್ನು ಕಂಡೆವು ಎಂದು ಹಿಂದಿನವರು ಬರೆದಿಟ್ಟಿದ್ದರು. ಆ ಬರಹ ಇದ್ದುದರಿಂದಲೇ ಮುಂದಿನವರಿಗೆ ಒಂದು ಜೀವಿ ಕಾಣೆಯಾಗಿದೆ ಎಂದು ತಿಳಿಯಿತು. ಎಲ್ಲಿ ಹುಡುಕಬೇಕೆಂಬುದೂ ತಿಳಿಯಿತು. ಬರೆದಿಡದೆ ಹೋದದ್ದು ಕಳೆದುಹೋದರೆ ಕಳೆದುಹೋಯಿತೆಂದು ಹೇಳುವವರೂ ಇರುವುದಿಲ್ಲ. ಎರಡನೆಯದಾಗಿ, ಆ ಕಾಡುಗಳು ಅಲ್ಲಿಯವರೆಗೆ ನಿಂತಿದ್ದವು. ಕುಚುಮತಾನೆಸ್‌ನ ಆ ಇಳಿಜಾರು ಕಾಫಿ, ಏಲಕ್ಕಿ ತೋಟವಾಗಿದ್ದರೆ ರಾಮೊಸ್ ಲಿಯೋನ್ ಅವರ ಕಣ್ಣಿಗೆ ಬೀಳಲು ಏನೂ ಉಳಿದಿರುತ್ತಿರಲಿಲ್ಲ.

ಮಲೆನಾಡಿನ, ಕರಾವಳಿಯ ಶಾಲೆಗಳಲ್ಲಿ ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಮಳೆಗಾಲದಲ್ಲಿ ನಿಮ್ಮ ಊರಿನ ತೋಡಿನ ಬದಿ, ತೋಟದ ಅಂಚಿನಲ್ಲಿ ಕಾಣುವ ಕಪ್ಪೆಗಳನ್ನು ಹಿಡಿಯದೆ, ಹಿಂಸಿಸದೆ ನೋಡಿ. ತಾರೀಕು, ಸ್ಥಳ, ಬಣ್ಣ, ಕೂಗು ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಐವತ್ತು ವರ್ಷಗಳ ನಂತರ ಯಾರಾದರೂ ಅದೇ ತೋಡಿನ ಬದಿಗೆ ಬಂದು ಹುಡುಕುವುದಾದರೆ ನಿಮ್ಮ ಆ ಪುಟವೇ ಅವರಿಗೆ ದಾರಿ ತೋರಿಸಬಹುದು.