ಮದ್ದುಸೊಪ್ಪು ಮತ್ತು ಔಷಧಪರೀಕ್ಷೆ: ಜೈನ ವೈದ್ಯಗ್ರಂಥಗಳ ಹಿನ್ನೆಲೆಯಲ್ಲಿ

ಕೊಡಗು ಎಂದೊಡನೆ ಜೈನಶಾಸನಗಳ ಅಭ್ಯಾಸಿಗಳಿಗೆ ಬಿಳಿಯೂರು ಮತ್ತು ಮುಳ್ಳೂರುಗಳು ನೆನಪಾಗುವುದು ಸಹಜ. ಶಕವರ್ಷ 809ರಲ್ಲಿ ಗಂಗ ಅರಸ ಸತ್ಯವಾಕ್ಯ ಪೆರ್ಮಾನಡಿಯು ಪೆನ್ನೆಗಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಸರ್ವನಂದಿದೇವರಿಗೆ ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ಬಿಟ್ಟುಕೊಟ್ಟುದನ್ನು ಬಿಳಿಯೂರಿನ ಶಿಲಾಶಾಸನ ತಿಳಿಸುತ್ತದೆ. ಕೊಂಗಾಳ್ವರ ಕಾಲದ ಮುಳ್ಳೂರು ಬಸದಿಗಳೂ, ಅಲ್ಲಿ ಕ್ರಿ.ಶ. 1064ರಲ್ಲಿ ಮುಡಿಪಿದ ಗುಣಸೇನ ಪಂಡಿತರ ಹೆಸರೂ ವಿದ್ವಾಂಸರಿಗೆ ಅಪರಿಚಿತವಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಕರ್ನಾಟಕದ ಜೈನಶಾಸನಗಳಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ಇವುಗಳಲ್ಲಿ ಅಭಯ ಮತ್ತು ಭೈಷಜ್ಯಗಳು ಒಂದರೊಡನೊಂದು ತಿಕ್ಕಾಡುವ ಸಂದರ್ಭವೂ ಬರಬಹುದೆಂಬುದನ್ನು ಶಾಸನಕವಿಗಳು ಯೋಚಿಸಿರಲಿಕ್ಕಿಲ್ಲ. ಆ ಸಂದರ್ಭ ಈಗ ಬಂದಿದೆ. ಅದನ್ನು ವಿವೇಚಿಸಲು ಕೊಡಗಿನ ಒಂದು ಸೊಪ್ಪು ತಕ್ಕ ನಿದರ್ಶನವಾಗುತ್ತದೆ.

ಕಕ್ಕಡ ಮಾಸದ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ಮಳೆ ಬಿರುಸಾಗಿರುವಾಗ ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸವನ್ನೂ ಪುಟ್ಟನ್ನೂ ಮಾಡುತ್ತಾರೆ. ಕೊಡವರು ಇದನ್ನು ಮದ್ದ್‌ತೊಪ್ಪ್ ಎನ್ನುತ್ತಾರೆ. ಎಲೆಯನ್ನೂ ಎಳೆಯ ಕಾಂಡವನ್ನೂ ನೀರಿನಲ್ಲಿ ಕುದಿಸಿದರೆ ಕಡುನೇರಳೆ ಬಣ್ಣದ ರಸ ಇಳಿಯುತ್ತದೆ. ಅದರಲ್ಲಿ ಅಕ್ಕಿಯನ್ನು ಬೇಯಿಸಿ ಬೆಲ್ಲ, ತೆಂಗಿನಕಾಯಿಗಳನ್ನು ಕೂಡಿಸುವುದು ವಾಡಿಕೆ. ತುಪ್ಪ ಅಥವಾ ಜೇನಿನೊಡನೆ ಉಣ್ಣುವುದೂ ಉಂಟು. ಆ ದಿನಕ್ಕೆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ನೆಲೆಗೊಳ್ಳುತ್ತದೆಂದೂ, ಉಂಡವರಿಗೆ ವರ್ಷವಿಡೀ ರೋಗರಕ್ಷೆ ಎಂದೂ ನಂಬಿಕೆ. ಉಂಡವರ ಮೂತ್ರ ಕೆಂಪಾಗುತ್ತದೆ. ಮದ್ದು ಮೈಗೆ ಹತ್ತಿತೆಂಬುದಕ್ಕೆ ಹಿರಿಯರು ಅದನ್ನೇ ಸಾಕ್ಷಿಯೆನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಈ ಗಿಡದ ಹೆಸರು ಜಸ್ಟಿಸಿಯಾ ವೈನಾಡೆನ್ಸಿಸ್. ಕೆಮ್ಮಿಗೆ ಕೊಡುವ ಆಡುಸೋಗೆ ಇದೇ ಕುಲಕ್ಕೆ ಸೇರಿದ್ದು.

ಕಳೆದ ಕೆಲವು ದಶಕಗಳಿಂದ ಈ ಸೊಪ್ಪಿನ ಸಾರವನ್ನು ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಲಾಗಿದೆ. ಒಣಗಿಸಿದ ಎಲೆಯಿಂದ ನೀರಿನಲ್ಲಿಯೂ ಮೆಥನಾಲಿನಲ್ಲಿಯೂ ಸಾರ ತೆಗೆದು, ಉತ್ಕರ್ಷಣವನ್ನು ತಡೆಯುವ ಶಕ್ತಿ ಎಷ್ಟಿದೆ ಎಂದು ಅಳೆದಿದ್ದಾರೆ. ಈ ಅಳತೆಗೆ ಬಳಸುವ ದ್ರವ್ಯಗಳಲ್ಲೊಂದು ತಾನೇ ನೇರಳೆ ಬಣ್ಣದ್ದು. ಸಾರ ಸೇರಿದಾಗ ಅದರ ಬಣ್ಣ ಎಷ್ಟು ಮಾಸಿತೆಂಬುದೇ ಲೆಕ್ಕ. ಪ್ರಕಟವಾದ ಫಲಿತಾಂಶಗಳು ಸೊಪ್ಪಿಗೆ ಆ ಶಕ್ತಿ ಇದೆಯೆಂದೇ ಹೇಳುತ್ತವೆ. ಅದರಲ್ಲಿರುವ ರಾಸಾಯನಿಕಗಳನ್ನು ಬಿಡಿಬಿಡಿಯಾಗಿ ಗುರುತಿಸುವ ಕೆಲಸವೂ ನಡೆದಿದೆ. ಅವುಗಳ ಸಂಖ್ಯೆಯನ್ನು ಹದಿನೆಂಟಕ್ಕೆ ಹೊಂದಿಸಲು ಯಾರೂ ಹೆಣಗಬೇಕಾಗಿಲ್ಲ. ಇಷ್ಟರಿಂದಲೇ ಸಂಪ್ರದಾಯ ವಿಜ್ಞಾನದಿಂದ ಸಿದ್ಧವಾಯಿತೆಂದು ಕೆಲವರು ಬರೆಯುವುದುಂಟು. ಆ ಮಾತು ಪ್ರಮಾಣಶಾಸ್ತ್ರವನ್ನು ಬಲ್ಲವರಿಗೆ ಒಪ್ಪಿಗೆಯಾಗಲಾರದು. ಮನೆಯಲ್ಲಿ ಉಣ್ಣುವುದು ನೀರಿನ ಕಷಾಯವನ್ನು, ಮೆಥನಾಲಿನ ಸಾರವನ್ನಲ್ಲ. ಅಲ್ಲದೆ ಗಾಜಿನ ನಳಿಗೆಯಲ್ಲಿ ಬಣ್ಣ ಮಾಸುವುದು ಬೇರೆ, ಮನುಷ್ಯನ ಮೈಯಲ್ಲಿ ರೋಗ ತಡೆಯುವುದು ಬೇರೆ.

ಇಲ್ಲಿ ಉಗ್ರಾದಿತ್ಯನನ್ನು ನೆನೆಯಬೇಕು. ರಾಷ್ಟ್ರಕೂಟ ನೃಪತುಂಗನ ಆಸ್ಥಾನದೊಡನೆ ಸಂಬಂಧ ಪಡೆದ ಈ ಆಚಾರ್ಯನ ಸಂಸ್ಕೃತ ‘ಕಲ್ಯಾಣಕಾರಕ’ವು 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಸೊಲ್ಲಾಪುರದಿಂದ ಹೊರಬಂದಿತು. ಹನ್ನೆರಡನೆಯ ಪೂರ್ವವಾದ ಪ್ರಾಣಾವಾಯದ ಪರಂಪರೆಯನ್ನು ಹೇಳಿಕೊಳ್ಳುವ ಗ್ರಂಥಗಳಲ್ಲಿ ಇದು ಪೂರ್ಣವಾಗಿ ಉಳಿದು ಬಂದದ್ದು. ಮಾಂಸವು ಔಷಧವಲ್ಲವೆಂದು ವಾದಿಸುವ ‘ಹಿತಾಹಿತ’ ಪ್ರಕರಣ ಇದರ ಕೊನೆಗಿದೆ. ತನಗಿಂತ ಹಿಂದಿನ ಜೈನ ವೈದ್ಯಾಚಾರ್ಯರನ್ನು ಉಗ್ರಾದಿತ್ಯನು ಸಾಲಾಗಿ ಹೆಸರಿಸುತ್ತಾನೆ: ಶಾಲಾಕ್ಯಕ್ಕೆ ಪೂಜ್ಯಪಾದ, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷಚಿಕಿತ್ಸೆಗೆ ಸಿದ್ಧಸೇನ. ಅವರ ಗ್ರಂಥಗಳು ಲಭ್ಯವಿಲ್ಲ. ಹೆಸರುಗಳು ಮಾತ್ರ ನಿಂತಿವೆ.

ಪಾತ್ರಸ್ವಾಮಿ ಎಂಬ ಹೆಸರು ನ್ಯಾಯಶಾಸ್ತ್ರದಲ್ಲಿಯೂ ಬರುತ್ತದೆ. ಪಾತ್ರಕೇಸರಿ ಎಂದೂ ಕರೆಯಲ್ಪಡುವ ಆ ಆಚಾರ್ಯನು ‘ತ್ರಿಲಕ್ಷಣಕದರ್ಥನ’ವನ್ನು ರಚಿಸಿ ಬೌದ್ಧರ ತ್ರಿರೂಪ ಹೇತುವನ್ನು ಖಂಡಿಸಿದನು. ವೈದ್ಯನೂ ತಾರ್ಕಿಕನೂ ಒಬ್ಬನೇ ಎಂದು ಹೆಸರಿನ ಸಾಮ್ಯದಿಂದಲೇ ನಿರ್ಧರಿಸುವುದು ದುಡುಕಾದೀತು. ಆದರೆ ತಾರ್ಕಿಕನ ಮಾತು ವೈದ್ಯಕ್ಕೂ ಸಲ್ಲುತ್ತದೆ. ಹೇತುವಿನ ಲಕ್ಷಣ ಒಂದೇ, ಅದು ಅನ್ಯಥಾನುಪಪತ್ತಿ: ಸಾಧ್ಯವಿಲ್ಲದೆ ಹೇತು ಒದಗಬಾರದು. ಮೈತ್ರನ ಹುಟ್ಟಲಿರುವ ಮಗನು ಕಪ್ಪಗಿರುವನು, ಏಕೆಂದರೆ ಅವನು ಮೈತ್ರನ ಮಗ, ಉಳಿದ ಮಕ್ಕಳ ಹಾಗೆ ಎಂಬ ಉದಾಹರಣೆಯನ್ನು ಪಾಠಶಾಲೆಯ ವಿದ್ಯಾರ್ಥಿಯೂ ಬಲ್ಲ. ಮೂರು ಲಕ್ಷಣಗಳೂ ಕೂಡಿವೆ, ಆದರೂ ಅದು ಹೇತ್ವಾಭಾಸ. ‘ಮದ್ದುಸೊಪ್ಪು ಉಂಡವರು ವರ್ಷವೆಲ್ಲ ನೆಟ್ಟಗಿದ್ದಾರೆ’ ಎಂಬುದು ಮೈತ್ರನ ಮಕ್ಕಳ ಸಾಲಿಗೇ ಸೇರುತ್ತದೆ. ಉಣ್ಣದೆಯೂ ಅವರು ನೆಟ್ಟಗಿರುತ್ತಿದ್ದರೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಇಂದಿನ ಔಷಧಪರೀಕ್ಷೆಯಲ್ಲಿ ಮದ್ದು ಪಡೆದ ಗುಂಪಿನ ಜೊತೆಗೆ ಮದ್ದು ಪಡೆಯದ ಇನ್ನೊಂದು ಗುಂಪನ್ನು ಇಡುವುದು ಈ ಪ್ರಶ್ನೆಗಾಗಿಯೇ. ಹೊಸದೆಂದು ತೋರುವ ಈ ಕ್ರಮದ ತರ್ಕ ಜೈನನ್ಯಾಯಕ್ಕೆ ಹೊಸದಲ್ಲ.

ಹೇತುವಿಗಿಂತ ಮೊದಲು ಪಕ್ಷ ನಿಶ್ಚಿತವಾಗಬೇಕು. ಯಾವ ಗಿಡ? ಹಸ್ತಪ್ರತಿಶಾಸ್ತ್ರಕ್ಕೆ ಇಲ್ಲಿ ನೇರವಾದ ಕೆಲಸವಿದೆ. ಹಳೆಯ ಓಲೆಗಳಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘ ಭೇದ ತೋರುವುದಿಲ್ಲ. ದಕಾರ ಧಕಾರಗಳ ಅಂತರ ಕಂಠದ ಮೊನೆಯ ಒಂದು ಸೀಳು. ಮಸಿ ಹಿಡಿಯದಿದ್ದರೆ ಅದೂ ಕಾಣದು. ‘ಮದ್ದು’ ಮತ್ತು ‘ಮಧು’ಗಳ ನಡುವೆ ಇರುವುದು ಹೆಚ್ಚುಕಡಿಮೆ ಅಷ್ಟೇ. ಜೇನನ್ನು ತ್ಯಜಿಸಿದ ಶ್ರಾವಕನಿಗೆ ಅದು ಸಣ್ಣ ವ್ಯತ್ಯಾಸವಲ್ಲ; ಸಮಂತಭದ್ರರ ರತ್ನಕರಂಡಕದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವು ಅಷ್ಟಮೂಲಗುಣಗಳಲ್ಲಿಯೇ ಸೇರಿದೆ. ಲಿಪಿ ಸ್ಪಷ್ಟವಾಗಿದ್ದರೂ ನಾಮಭ್ರಾಂತಿ ತಪ್ಪುವುದಿಲ್ಲ. ರಾಸ್ನಾ ಎಂಬ ಹೆಸರಿಗೆ ಉತ್ತರದಲ್ಲಿ ಒಂದು ಗಿಡವಾದರೆ ದಕ್ಷಿಣದಲ್ಲಿ ಸುಗಂಧದ ಬೇರುಳ್ಳ ಮತ್ತೊಂದು. ಬ್ರಾಹ್ಮಿ ಎಂದರೆ ಕೆಲವರಿಗೆ ನೀರುಬ್ರಾಹ್ಮಿ, ಕೆಲವರಿಗೆ ಒಂದೆಲಗ. ಮಂಗರಾಜನ ‘ಖಗೇಂದ್ರಮಣಿದರ್ಪಣ’ದಂಥ ವಿಷವೈದ್ಯಗ್ರಂಥದಲ್ಲಿ ಇಂಥ ಒಂದು ತಪ್ಪು ಪಾಠಾಂತರದ ಟಿಪ್ಪಣಿಯಲ್ಲಿ ಮುಗಿಯುವುದಿಲ್ಲ; ರೋಗಿಯ ಪ್ರಾಣದವರೆಗೆ ಹೋಗುತ್ತದೆ. ಕೊಡಗಿನ ನೆರೆಯ ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಪಾಲೆಯ ತೊಗಟೆಯ ಕಷಾಯ ಕುಡಿಯುತ್ತಾರೆ. ಕತ್ತಲೆಯಲ್ಲಿ ಪಾಲೆಯೆಂದು ಕಾಸರಕದ ತೊಗಟೆಯನ್ನು ತಂದರೆ ಅದು ಘೋರವಿಷ. ಮರವನ್ನು ಹಗಲಿನಲ್ಲಿಯೇ ನೋಡಿ ಗುರುತಿಟ್ಟುಕೊಳ್ಳುವುದು ಇದಕ್ಕಾಗಿ. ಸಸ್ಯಪರೀಕ್ಷೆ ನಡೆಸುವವರು ಎಲೆ ಹೂಗಳ ಒಣಮಾದರಿಯನ್ನು ಸ್ಥಳ, ದಿನಾಂಕಗಳೊಡನೆ ಸಂಗ್ರಹಾಲಯದಲ್ಲಿ ಇಡುವ ನಿಯಮ ಓಲೆಯ ಪುಷ್ಪಿಕೆಯಂತೆಯೇ ಇದೆ. ಪುಷ್ಪಿಕೆಯಿಲ್ಲದ ಪ್ರತಿಯನ್ನು ಎಷ್ಟು ನಂಬಬಹುದೋ ಮಾದರಿಯಿಲ್ಲದ ಪರೀಕ್ಷೆಯನ್ನೂ ಅಷ್ಟೇ ನಂಬಬಹುದು.

ಇನ್ನು ಅಭಯದಾನದ ವಿಷಯ. ಗಿಡದ ಸಾರಕ್ಕೆ ಯಕೃತ್ತನ್ನು ರಕ್ಷಿಸುವ ಗುಣವಿದೆಯೇ ಎಂದು ನೋಡಲು ರೂಢಿಯಲ್ಲಿರುವ ಕ್ರಮ ಹೀಗಿದೆ: ಇಲಿಗಳಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷವನ್ನು ಕೊಟ್ಟು ಯಕೃತ್ತನ್ನು ಕೆಡಿಸುವುದು, ಕೆಲವಕ್ಕೆ ಸಾರವನ್ನು, ಕೆಲವಕ್ಕೆ ಗುಣ ತಿಳಿದಿರುವ ಬೇರೊಂದು ಮದ್ದನ್ನು, ಕೆಲವಕ್ಕೆ ಏನನ್ನೂ ಕೊಡದೆ ರಕ್ತವನ್ನು ಪರೀಕ್ಷಿಸುವುದು, ಕೊನೆಗೆ ಅವನ್ನು ಕೊಂದು ಯಕೃತ್ತನ್ನು ಸೀಳಿ ನೋಡುವುದು. ಗಾಯ ಮಾಯುವ ಗುಣಕ್ಕಾದರೆ ಬೆನ್ನಿನ ಚರ್ಮವನ್ನು ಕತ್ತರಿಸಿ ಗಾಯ ದಿನದಿನಕ್ಕೆ ಎಷ್ಟು ಕುಗ್ಗಿತೆಂದು ಅಳೆಯುವುದು. ಅನ್ಯಥಾನುಪಪತ್ತಿ ಇಲ್ಲಿ ಸೊಗಸಾಗಿ ಪಾಲಿತವಾಗಿದೆ, ಅಹಿಂಸೆ ಪಾಲಿತವಾಗಿಲ್ಲ. ಹನ್ನೆರಡನೆಯ ಶತಮಾನದ ಚಾಲುಕ್ಯ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದನು. ಅಲ್ಲಿ ಪ್ರಾಣಿಯು ರೋಗಿ, ಪರೀಕ್ಷೆಯ ಸಾಮಗ್ರಿಯಲ್ಲ. ಅದೇ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದಾಗ ಮಾಂಸಮದ್ಯಗಳ ಸೋಂಕಿಲ್ಲದ ಚಿಕಿತ್ಸೆಯನ್ನೇ ಹೇಳಿದನು. ಔಷಧದ ದ್ರವ್ಯದಲ್ಲಿ ಹಿಂಸೆ ಇರಬಾರದೆಂಬ ಈ ನಿಯಮವನ್ನು ಔಷಧದ ಪರೀಕ್ಷೆಗೂ ವಿಸ್ತರಿಸಬೇಕೆ ಎಂಬುದು ಇಂದಿನ ಪ್ರಶ್ನೆ. ಸಂಕಲ್ಪೀ ಹಿಂಸೆ ಎಲ್ಲಿದ್ದರೂ ಗೃಹಸ್ಥನಿಗೆ ವರ್ಜ್ಯವೆಂಬ ಸಿದ್ಧಾಂತವನ್ನು ಒಪ್ಪಿದವರಿಗೆ ಉತ್ತರ ಕಠಿಣವಲ್ಲ. ಆ ಉತ್ತರದ ಬೆಲೆಯನ್ನೂ ಒಪ್ಪಿಕೊಳ್ಳಬೇಕಾಗುತ್ತದೆ: ಕೆಲವು ಔಷಧಗಳು ತಡವಾಗಿ ಸಿಕ್ಕಾವು, ಕೆಲವು ಸಿಗಲಾರವು.

ಕಾನೂನು ಈ ದಿಕ್ಕಿನಲ್ಲಿ ಅಲ್ಪಸ್ವಲ್ಪ ಸರಿದಿದೆ. 1960ರ ಪ್ರಾಣಿಹಿಂಸಾ ನಿವಾರಣ ಅಧಿನಿಯಮದ ಅಡಿಯಲ್ಲಿ ಇಂಥ ಪ್ರಯೋಗಗಳ ನಿಯಂತ್ರಣಕ್ಕೆ ಸಮಿತಿಯಿದೆ. 1998ರಲ್ಲಿ ವಿವರವಾದ ನಿಯಮಗಳಾದವು. 2023ರಲ್ಲಿ ಭಾರತ ಸರ್ಕಾರವು ಹೊಸ ಔಷಧಗಳ ನಿಯಮಗಳನ್ನು ತಿದ್ದಿ, ಜೀವಕೋಶಗಳ ಮೇಲೆ ನಡೆಸುವ ಪರೀಕ್ಷೆಗಳಂಥ ಪರ್ಯಾಯಗಳಿಗೆ ಅವಕಾಶ ಕೊಟ್ಟಿತು.

ಮದ್ದುಸೊಪ್ಪಿನ ಮಟ್ಟಿಗೆ ಇನ್ನೊಂದು ದಾರಿಯೂ ಉಂಟು. ಇದು ಕೊಡಗಿನಲ್ಲಿ ಅಸಂಖ್ಯ ಜನ ವರ್ಷಕ್ಕೊಮ್ಮೆ ತಾವಾಗಿಯೇ ಉಣ್ಣುವ ಪದಾರ್ಥ. ಒಪ್ಪಿದವರ ರಕ್ತವನ್ನು ಉಣ್ಣುವ ಮುಂಚೆಯೂ ಆಮೇಲೆಯೂ ಪರೀಕ್ಷಿಸಿ, ಸೊಪ್ಪಿಲ್ಲದ ಪಾಯಸವನ್ನು ಉಂಡವರೊಡನೆ ಹೋಲಿಸಿದರೆ ಯಾವ ಇಲಿಯೂ ಸಾಯಬೇಕಾಗಿಲ್ಲ. ತೊಡಕೊಂದೇ. ತಾನು ಉಂಡದ್ದು ಯಾವುದೆಂದು ಉಂಡವನಿಗೆ ತಿಳಿಯಬಾರದು, ಆದರೆ ಮೂತ್ರದ ಕೆಂಪು ಮರುದಿನವೇ ಗುಟ್ಟನ್ನು ಒಡೆಯುತ್ತದೆ. ಸೊಪ್ಪಿಲ್ಲದ ಪಾಯಸಕ್ಕೆ ಬೀಟ್‌ರೂಟಿನ ರಸವನ್ನು ಬೆರೆಸಿದರೆ ಬಣ್ಣವೂ ಹೋಲುತ್ತದೆ, ಕೆಲವರ ಮೂತ್ರವೂ ಕೆಂಪಾಗುತ್ತದೆ. ಆದರೆ ಅದು ಕಂದಮೂಲ. ವ್ರತಿಕ ಶ್ರಾವಕರನ್ನು ಆ ಪಂಕ್ತಿಗೆ ಕರೆಯುವಂತಿಲ್ಲ.