ಮಟನುಸ್ಕಾ ಕಣಿವೆಗೆ ಹೋದ ಒಕ್ಕಲುಗಳು

ಅಲಾಸ್ಕಾದಲ್ಲಿ, ಆಂಕರೇಜ್ ನಗರದಿಂದ ಈಶಾನ್ಯಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿ ಮಟನುಸ್ಕಾ ಕಣಿವೆಯಿದೆ. ಒಂದು ಬದಿಗೆ ಚುಗಾಚ್ ಪರ್ವತಗಳು, ಇನ್ನೊಂದು ಬದಿಗೆ ಟಾಲ್ಕೀಟ್ನಾ ಸಾಲು. ಹಿಮನದಿಗಳು ಅರೆದು ಬಿಟ್ಟ ನುಣ್ಣನೆ ಧೂಳನ್ನು ಗಾಳಿ ತಂದು ಹರಡಿ ಇಲ್ಲಿನ ಮಣ್ಣಾಗಿದೆ. 1935ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಇನ್ನೂರಕ್ಕೂ ಹೆಚ್ಚು ಬಡ ರೈತ ಕುಟುಂಬಗಳನ್ನು ಹೆಂಗಸರು, ಮಕ್ಕಳು, ಪಾತ್ರೆ ಪಡಗಗಳ ಸಮೇತ ಇಲ್ಲಿಗೆ ಕರೆತಂದು ಒಕ್ಕಲು ಹೂಡಿಸಿತು. ಪಾಮರ್ ಎಂಬ ಊರು ಬೆಳೆದದ್ದು ಈ ವಲಸೆಯಿಂದ.

ಕಣಿವೆ ಆಗ ನಿರ್ಜನವಾಗಿರಲಿಲ್ಲ. ದೆನೈನಾ ಮತ್ತು ಆಟ್ನಾ ಅಥಬಾಸ್ಕನ್ ಜನ ಸಾಲ್ಮನ್ ಮೀನು, ಬೇಟೆ, ಕಾಡುಹಣ್ಣುಗಳನ್ನು ನೆಚ್ಚಿ ಈ ಸೀಮೆಯಲ್ಲಿ ತಲೆಮಾರುಗಳಿಂದ ಬಾಳಿದ್ದರು. ನಿಕ್ ಎಂಬಲ್ಲಿ ವ್ಯಾಪಾರದ ನೆಲೆಯೊಂದು ಹುಟ್ಟಿತ್ತು. ಜಾರ್ಜ್ ಪಾಮರ್ ಎಂಬ ವ್ಯಾಪಾರಿಯ ಹೆಸರೇ ಮುಂದೆ ಊರಿಗೆ ನಿಂತಿತು. 1918ರ ಇನ್‌ಫ್ಲುಯೆಂಜಾ ಮೂಲನಿವಾಸಿಗಳಲ್ಲಿ ಅನೇಕರನ್ನು ಬಲಿ ತೆಗೆದುಕೊಂಡಿತು. ಹದಿನೇಳು ವರ್ಷಗಳ ಮೇಲೆ ಸರ್ಕಾರದ ಯೋಜನೆಗಾರರು ಇದನ್ನು ಖಾಲಿ ನೆಲವೆಂದು ಲೆಕ್ಕ ಹಿಡಿದಾಗ, ಖಾಲಿಯಾದದ್ದು ಹೇಗೆಂಬ ಪ್ರಶ್ನೆ ಏಳಲೇ ಇಲ್ಲ.

ಬೇಸಾಯದ ಪ್ರಯತ್ನ ರೈಲಿನ ಹಿಂದೆ ಬಂತು. ಸರ್ಕಾರಿ ರೈಲುಮಾರ್ಗದ ಕೆಲಸ 1915ರಲ್ಲಿ ಶುರುವಾದಾಗ ಕೆಲವರು ಕಣಿವೆಯಲ್ಲಿ ಭೂಮಿ ಹಿಡಿದರು. 1917ರಲ್ಲಿ ಮಟನುಸ್ಕಾದಲ್ಲಿ ಕೃಷಿ ಪ್ರಯೋಗ ಕೇಂದ್ರ ತೆರೆಯಿತು. ಓಟ್ಸ್, ಬಾರ್ಲಿ, ಆಲೂಗಡ್ಡೆ, ಎಲೆಕೋಸು ಇಲ್ಲಿ ಚೆನ್ನಾಗಿ ಬರುತ್ತವೆಂದು ಅದು ತೋರಿಸಿಕೊಟ್ಟಿತು. ಆದರೆ ಬೆಳೆದದ್ದನ್ನು ಕೊಳ್ಳುವವರು ಬೇಕಲ್ಲ. 1930ರಲ್ಲಿ ಇಡೀ ಅಲಾಸ್ಕಾದ ಜನಸಂಖ್ಯೆ 60 ಸಾವಿರವನ್ನು ಮುಟ್ಟಿರಲಿಲ್ಲ. ಹಲವರು ಹೊಲಗಳನ್ನು ಬಿಟ್ಟುಹೋದರು. ನಷ್ಟದಲ್ಲೇ ಓಡುತ್ತಿದ್ದ ಅಲಾಸ್ಕಾ ರೈಲಿಗೆ ಸರಕೂ ಪ್ರಯಾಣಿಕರೂ ಬೇಕಿದ್ದುದರಿಂದ, ಅದರ ಮುಖ್ಯಸ್ಥ ಆಟೊ ಓಲ್ಸನ್ ಕಣಿವೆಗೆ ರೈತರನ್ನು ತರಬೇಕೆಂದು ಪಟ್ಟು ಹಿಡಿದಿದ್ದರು.

ಅವರ ಹಂಬಲಕ್ಕೆ ದಾರಿ ತೆರೆದದ್ದು ಮಹಾ ಆರ್ಥಿಕ ಕುಸಿತ. ಮಿನೆಸೋಟ, ವಿಸ್ಕಾನ್ಸಿನ್, ಮಿಶಿಗನ್ ರಾಜ್ಯಗಳ ಉತ್ತರ ಭಾಗದಲ್ಲಿ ನಾಟಾ ಕಂಪನಿಗಳು ಕಾಡನ್ನು ಕಡಿದು ಮುಗಿಸಿ ಮುಂದೆ ಹೋಗಿದ್ದವು. ಹಿಂದೆ ಉಳಿದದ್ದು ಬೊಡ್ಡೆಗಳು ತುಂಬಿದ ಬಡ ಮಣ್ಣು. ಅದನ್ನು ನಂಬಿ ನಿಂತ ರೈತರು ಸರ್ಕಾರದ ಪರಿಹಾರದ ಹಣದಲ್ಲಿ ದಿನ ದೂಡುತ್ತಿದ್ದರು. ಅಧ್ಯಕ್ಷ ರೂಸ್‌ವೆಲ್ಟ್ ಆಡಳಿತದಲ್ಲಿ ಹ್ಯಾರಿ ಹಾಪ್ಕಿನ್ಸ್ ನಡೆಸುತ್ತಿದ್ದ ತುರ್ತು ಪರಿಹಾರ ಇಲಾಖೆ, ಇಂಥವರನ್ನು ಒಳ್ಳೆಯ ನೆಲಕ್ಕೆ ಸಾಗಿಸಿ ಅವರ ಕಾಲ ಮೇಲೆ ನಿಲ್ಲಿಸುವ ಯೋಚನೆ ಮಾಡಿತು. 1935ರ ಫೆಬ್ರವರಿಯಲ್ಲಿ ಕಣಿವೆಯ ಭೂಮಿಯನ್ನು ಇದಕ್ಕಾಗಿ ಕಾದಿರಿಸುವ ಆದೇಶ ಹೊರಟಿತು. ಮುಂದಿನ ಕೆಲಸಕ್ಕೆಂದು ಅಲಾಸ್ಕಾ ಗ್ರಾಮೀಣ ಪುನರ್ವಸತಿ ನಿಗಮ ಹುಟ್ಟಿತು.

ಆ ಮೂರು ರಾಜ್ಯಗಳನ್ನೇ ಆರಿಸಿದ್ದಕ್ಕೆ ಕಾರಣ ಚಳಿ. ಸೊನ್ನೆಗಿಂತ ಕೆಳಗಿಳಿಯುವ ಮಾಗಿ ಅಲ್ಲಿನವರಿಗೆ ಹೊಸದಲ್ಲ. ಅನೇಕರು ಸ್ಕ್ಯಾಂಡಿನೇವಿಯ ಮೂಲದವರು. ಆಯ್ಕೆಯ ಕೆಲಸ ಜಿಲ್ಲೆಗಳ ಸಮಾಜ ಕಾರ್ಯಕರ್ತರ ಪಾಲಿಗೆ ಬಂತು. ಗಂಡ ಹೆಂಡತಿ ಗಟ್ಟಿಮುಟ್ಟಾಗಿರಬೇಕು, ಬೇಸಾಯ ಬಲ್ಲವರಾಗಿರಬೇಕು, ಪರಿಹಾರದ ಪಟ್ಟಿಯಲ್ಲಿಯೂ ಇರಬೇಕು. ಚಳಿಗಾಲದ ನಂಟನ್ನು ನೋಡಿದ್ದು ಸರಿಯೇ. ಆದರೆ ಆಯ್ಕೆಗೆ ಸಿಕ್ಕ ಕಾಲ ಕೆಲವೇ ವಾರಗಳು. ಆ ಆತುರದಲ್ಲಿ ನೇಗಿಲು ಹಿಡಿದು ಬದುಕಿದವರ ಜೊತೆಗೆ, ಕಾಡಿನ ಕೂಲಿಯಿಂದ ಹೊಟ್ಟೆ ಹೊರೆದು ಹೊಲವನ್ನು ಉಪಕಸುಬಾಗಿ ಇಟ್ಟುಕೊಂಡವರೂ ಪಟ್ಟಿಗೆ ಸೇರಿಬಿಟ್ಟರು.

ಮಿನೆಸೋಟದ 67 ಕುಟುಂಬಗಳು ಮೊದಲು ಹೊರಟವು. ರೈಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಅಲ್ಲಿಂದ ಸೇಂಟ್ ಮಿಹಿಯೆಲ್ ಎಂಬ ಸೇನಾ ಹಡಗಿನಲ್ಲಿ ಅಲಾಸ್ಕಾದ ಸೀವರ್ಡ್ ಬಂದರು, ಮತ್ತೆ ರೈಲು. ಮೇ 10ರಂದು ಅವರು ಪಾಮರ್ ಮುಟ್ಟಿದರು. ಮಿಶಿಗನ್ ಮತ್ತು ವಿಸ್ಕಾನ್ಸಿನ್‌ನವರು ಸಿಯಾಟಲ್ ಬಂದರಿನ ದಾರಿಯಾಗಿ ಅದೇ ತಿಂಗಳು ಬಂದರು. ಮಂಚ, ಹೊಲಿಗೆ ಯಂತ್ರ, ಬೀರು ಇವುಗಳಲ್ಲಿ ಯಾವುದನ್ನು ಒಯ್ಯುವುದು, ಯಾವುದನ್ನು ಮಾರುವುದು ಎಂಬ ತೀರ್ಮಾನ ಹೆಚ್ಚಾಗಿ ಹೆಂಗಸರ ಮೇಲೆ ಬಿತ್ತು. ನಿಲ್ದಾಣ ನಿಲ್ದಾಣದಲ್ಲಿ ಬ್ಯಾಂಡು, ಪತ್ರಿಕೆಯ ಛಾಯಾಗ್ರಾಹಕರು ಕಾದಿದ್ದರು. ಹೊಸ ಗಡಿನಾಡಿಗೆ ಹೊರಟ ವೀರರೆಂದು ದೇಶ ಇವರನ್ನು ಕೊಂಡಾಡಿತು. ಅಂಥ ಹೊಗಳಿಕೆ ಹೊತ್ತು ಬಂದವರಿಗೆ ಪಾಮರ್‌ನಲ್ಲಿ ಮನೆಯೇ ಕಟ್ಟಿರಲಿಲ್ಲ.

ಇದ್ದದ್ದು ಹಲಗೆಯ ನೆಲ ಹಾಸಿದ ಬಿಳಿ ಡೇರೆಗಳ ಸಾಲು. ಮೇ 23ರಂದು ಮನೆಯ ಯಜಮಾನರು ಒಬ್ಬೊಬ್ಬರಾಗಿ ಪೆಟ್ಟಿಗೆಗೆ ಕೈ ಹಾಕಿ ಜಮೀನಿನ ಚೀಟಿ ಎತ್ತಿದರು. ಸಾಮಾನ್ಯವಾಗಿ ಒಂದು ಕುಟುಂಬಕ್ಕೆ 40 ಎಕರೆ. ನೆಲ ಹದವಾಗಿಲ್ಲದ ಕಡೆ ಇನ್ನಷ್ಟು. ಒಬ್ಬರಿಗೆ ರಸ್ತೆ ಬದಿಯ ಸಮತಟ್ಟಾದ ನೆಲ, ಇನ್ನೊಬ್ಬರಿಗೆ ದಟ್ಟ ಮರಗಳ ತುಂಡು. ಚೀಟಿಯಲ್ಲಿ ಬಂದದ್ದು ಹಿಡಿಸದಿದ್ದರೆ ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಳ್ಳಲು ಬಿಟ್ಟಿದ್ದರು. ನೆಂಟರು, ಹಳೆಯ ನೆರೆಹೊರೆಯವರು ಅಕ್ಕಪಕ್ಕ ಸೇರಿಕೊಂಡರು. ಮನೆ, ಜಮೀನು, ದನ, ಉಪಕರಣ ಎಲ್ಲ ಸೇರಿ ಒಂದು ಕುಟುಂಬದ ತಲೆಯ ಮೇಲೆ ಸುಮಾರು 3,000 ಡಾಲರ್ ಸಾಲ, ಶೇಕಡಾ 3 ಬಡ್ಡಿ, ತೀರಿಸಲು 30 ವರ್ಷ.

ಆ ಬೇಸಿಗೆ ಬಹಳ ಕಷ್ಟದ್ದಾಯಿತು. ಮಳೆಗೆ ಡೇರೆಯ ಸುತ್ತ ಕೆಸರು, ಬಿಸಿಲಾದರೆ ಸೊಳ್ಳೆಯ ಮುತ್ತಿಗೆ. ಮನೆ ಕಟ್ಟಲು ಕರೆತಂದ ಕೂಲಿಯವರಿಗೆ ಸಾಮಗ್ರಿ ಹೊತ್ತಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಮೊದಲು ಬೇಕಾದ ವಸ್ತು ಹಡಗಿನಲ್ಲಿ ಕಡೆಗೆ ಬರುತ್ತಿತ್ತು. ಬಾವಿಗಳು ತೋಡಿ ಮುಗಿದಿರಲಿಲ್ಲ. ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಕಾಯಿಲೆಯದು. ಒತ್ತೊತ್ತಾಗಿದ್ದ ಡೇರೆಗಳಲ್ಲಿ ದಡಾರ ಮತ್ತು ಸ್ಕಾರ್ಲೆಟ್ ಜ್ವರ ಹಬ್ಬಿ, ಕೆಲವು ಮಕ್ಕಳು ತೀರಿಕೊಂಡವು. ಸರ್ಕಾರದ ಯೋಜನೆಯಲ್ಲಿ ಎಕರೆಗೂ ಹಲಗೆಗೂ ಲೆಕ್ಕವಿತ್ತು. ಸಾವಿರದ ಹತ್ತಿರ ಜನ ಬಂದಿಳಿಯುವ ಕಡೆ ಸಿದ್ಧವಾದ ಆಸ್ಪತ್ರೆ ಇರಲಿಲ್ಲ. ಒಕ್ಕಲಿಗರ ದೂರುಗಳು ತಂತಿಯ ಮೂಲಕ ವಾಷಿಂಗ್ಟನ್ ಮುಟ್ಟಿದವು. ಕೊರಗುವವರೆಂದು ಕೆಲವು ಪತ್ರಿಕೆಗಳು ಅವರನ್ನು ಹೀಗಳೆದವು. ಆದರೆ ಕೆಲಸಕ್ಕೆ ವೇಗ ಬಂದದ್ದು ಆ ದೂರುಗಳಿಂದಲೇ. ಕಣಿವೆಯ ನಂತರದ ಬಾಳಿಗೆ ಹೀಗೆ ಬಾಯಿಬಿಟ್ಟು ಕೇಳಿದವರು ಮಾಡಿದ ಉಪಕಾರ ದೊಡ್ಡದು. ಆಗಸ್ಟಿನಲ್ಲಿ ಜನಪ್ರಿಯ ಹಾಸ್ಯನಟ ವಿಲ್ ರೋಜರ್ಸ್ ವಿಮಾನ ಚಾಲಕ ವೈಲಿ ಪೋಸ್ಟ್ ಜೊತೆ ಬಂದು ಒಕ್ಕಲಿಗರನ್ನು ಮಾತನಾಡಿಸಿ ಹೋದರು. ಅದಾದ ಸ್ವಲ್ಪದರಲ್ಲೇ, ಆಗಸ್ಟ್ 15ರಂದು, ಉತ್ತರ ಅಲಾಸ್ಕಾದಲ್ಲಿ ಪೋಸ್ಟ್ ಅವರ ವಿಮಾನ ಬಿದ್ದು ಇಬ್ಬರೂ ತೀರಿಕೊಂಡರು.

ಚಳಿ ಗಟ್ಟಿಯಾಗುವ ಹೊತ್ತಿಗೆ ಬಹುಪಾಲು ಕುಟುಂಬಗಳಿಗೆ ಸೂರು ಸಿಕ್ಕಿತು. ವಾಸ್ತುಶಿಲ್ಪಿ ಡೇವಿಡ್ ವಿಲಿಯಮ್ಸ್ ಬರೆದುಕೊಟ್ಟ ಕೆಲವು ನಕ್ಷೆಗಳಲ್ಲಿ ಒಂದನ್ನು ಒಕ್ಕಲಿಗರೇ ಆರಿಸಿಕೊಳ್ಳಬಹುದಿತ್ತು. ಮರದ ದಿಮ್ಮಿಯ ಮನೆಯಾದರೂ ಸರಿ, ಹಲಗೆಯದಾದರೂ ಸರಿ. ಕೊಟ್ಟಿಗೆ ಮಾತ್ರ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಬಗೆ: 32 ಅಡಿ ಉದ್ದ, ಅಷ್ಟೇ ಅಗಲ, ಕೆಳಗೆ ದಿಮ್ಮಿಯ ಗೋಡೆ, ಮೇಲೆ ಹಲಗೆ, ಎರಡು ಮಡಿಕೆಯ ಕಡಿದಾದ ಮಾಡು. ಮಾಡಿನ ಈ ಆಕಾರಕ್ಕೆ ಕಾರಣವಿದೆ. ಹಿಮ ಜಾರಿ ಬೀಳುತ್ತದೆ, ಒಳಗಿನ ಅಟ್ಟ ವಿಶಾಲವಾಗಿ ಹೆಚ್ಚು ಹುಲ್ಲು ಹಿಡಿಯುತ್ತದೆ.

ಆ ಹುಲ್ಲೇ ಅಲ್ಲಿನ ಬೇಸಾಯದ ಮರ್ಮ. ಕಣಿವೆಯಲ್ಲಿ ಇಬ್ಬನಿ ಹೆಪ್ಪುಗಟ್ಟದ ದಿನಗಳು ವರ್ಷಕ್ಕೆ ಸುಮಾರು 110. ಜೂನಿನಲ್ಲಿ ಸೂರ್ಯ 19 ಗಂಟೆಯಷ್ಟು ಹೊತ್ತು ಮೇಲಿರುತ್ತಾನೆ, ಡಿಸೆಂಬರಿನಲ್ಲಿ ಐದೂವರೆ ಗಂಟೆ. ಬೇಸಿಗೆಯ ಈ ಬೆಳಕು ಎಲೆಕೋಸನ್ನು ಬೇರೆಲ್ಲೂ ಕಾಣದ ಗಾತ್ರಕ್ಕೆ ಬೆಳೆಸುತ್ತದೆ. ಆದರೆ ಹಸು ಹೊರಗೆ ಮೇಯುವುದು ಕೆಲವೇ ತಿಂಗಳು. ಉಳಿದ ಕಾಲಕ್ಕೆಲ್ಲ ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕಬೇಕು, ಹೆಪ್ಪುಗಟ್ಟದಂತೆ ನೀರು ಕಾಯಬೇಕು. ಅಷ್ಟು ಮೇವು ಬೆಳೆಯಲು ಕಾಡು ಕಡಿದು, ಬೊಡ್ಡೆ ಕಿತ್ತು ನೆಲ ಮಾಡಿಕೊಳ್ಳಬೇಕು. 40 ಎಕರೆಯಲ್ಲಿ ಉಳುವುದಕ್ಕೆ ಬಂದದ್ದು ಮೊದಲಿಗೆ ತೀರ ಕೊಂಚ. ಸಾಲದ ಲೆಕ್ಕ ಹಾಕಿದವರು ಮಾಗಿಯ ಈ ಉದ್ದವನ್ನು ಅಳೆದದ್ದು ಸಾಲದಾಯಿತು. ಚಳಿಯ ತೀವ್ರತೆಗಿಂತ ಅದರ ಉದ್ದವೇ ಹೆಚ್ಚು ಒಕ್ಕಲುಗಳನ್ನು ದಣಿಸಿತು. ಜೊತೆಗೆ ಗಾಳಿ: ಮಾಗಿಯಲ್ಲಿ ಮಟನುಸ್ಕಾ ನದಿಯ ದಿಕ್ಕಿನಿಂದ ಬೀಸುವ ಶೀತಗಾಳಿ, ನಿಕ್ ನದಿಯ ಕಡೆಯಿಂದ ಆಗಾಗ ನುಗ್ಗುವ ಇನ್ನೊಂದು. ಮರ ಕಡಿದು ಬಯಲಾದ ಹೊಲಗಳ ಹಗುರ ಮಣ್ಣನ್ನು ಅವು ಹಾರಿಸಿಕೊಂಡು ಹೋಗುತ್ತಿದ್ದವು.

ಮನೆಯೊಳಗಿನ ತಯಾರಿಯ ಭಾರ ಬಹುಪಾಲು ಹೆಂಗಸರದು. ಬೇಸಿಗೆಯುದ್ದಕ್ಕೂ ಬಟಾಣಿ, ಕಾಡುಹಣ್ಣು, ಸಾಲ್ಮನ್ ಮೀನು, ಗಂಡಸರು ಹೊಡೆದು ತಂದ ಮೂಸ್ ಮಾಂಸ ಇವನ್ನೆಲ್ಲ ಗಾಜಿನ ಭರಣಿಗಳಲ್ಲಿ ತುಂಬಿ, ಬೇಯಿಸಿ, ಮುಚ್ಚಳ ಬಿಗಿದು ಸಾಲಾಗಿ ಜೋಡಿಸಿಡುತ್ತಿದ್ದರು. ಆಲೂಗಡ್ಡೆ, ಗಜ್ಜರಿ, ಟರ್ನಿಪ್ ನೆಲದಡಿಯ ಕೋಣೆಗೆ ಇಳಿಯುತ್ತಿದ್ದವು. ಉತ್ತರ ಕರ್ನಾಟಕದ ಹಗೇವು ಜೋಳವನ್ನು ಕಾಯುವಂತೆ ಅದು ಗಡ್ಡೆಗಳನ್ನು ಕಾಯುತ್ತಿತ್ತು. ವ್ಯತ್ಯಾಸವೆಂದರೆ ಹಗೇವು ತೇವವನ್ನು ದೂರವಿಡಬೇಕು, ಇದು ಹೆಪ್ಪನ್ನು. ಮನೆಯಾಚೆ ಜನ ಒಟ್ಟು ಸೇರಲು ಪಾಮರ್‌ನಲ್ಲಿ ಸಭಾಂಗಣಗಳಿದ್ದವು, ಶಾಲೆ ಇತ್ತು. ಆಗ ಕಟ್ಟಿದ ಕೇಂದ್ರ ಶಾಲೆಯ ಕಟ್ಟಡದಲ್ಲಿ ಇಂದು ಆ ಸೀಮೆಯ ಸ್ಥಳೀಯ ಆಡಳಿತದ ಕಚೇರಿ ಇದೆ. ಒಕ್ಕಲಿಗರು ಕೂಡಿ ದಿಮ್ಮಿಗಳಿಂದ ಕಟ್ಟಿದ ಪ್ರಾಟೆಸ್ಟೆಂಟ್ ಇಗರ್ಜಿಗೆ ‘ಸಾವಿರ ಮರಗಳ ಇಗರ್ಜಿ’ ಎಂಬ ಹೆಸರು ಬಂತು. 1936ರಲ್ಲಿ ಮೊದಲ ಜಾತ್ರೆ ನಡೆಯಿತು. ಅದು ಬೆಳೆದು ಈಗಿನ ಅಲಾಸ್ಕಾ ರಾಜ್ಯ ಮೇಳವಾಗಿದೆ. 1941ರಲ್ಲಿ ರೈಲಿನ ಓಲ್ಸನ್ ಅವರು ಅತಿ ದೊಡ್ಡ ಎಲೆಕೋಸಿಗೆ 25 ಡಾಲರ್ ಬಹುಮಾನ ಇಟ್ಟರು. ಆ ಸ್ಪರ್ಧೆ ಇಂದಿಗೂ ನಡೆಯುತ್ತಿದ್ದು, 2012ರಲ್ಲಿ ಗೆದ್ದ ಕೋಸು 62 ಕಿಲೋಗಿಂತ ಹೆಚ್ಚು ತೂಗಿ ವಿಶ್ವದಾಖಲೆಯಾಯಿತು.

ಇಷ್ಟಿದ್ದರೂ ಅನೇಕರು ಉಳಿಯಲಿಲ್ಲ. 1940ರ ಹೊತ್ತಿಗೆ ಮೊದಲು ಬಂದ ಕುಟುಂಬಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಣಿವೆ ಬಿಟ್ಟಿದ್ದವು. ಬಿಟ್ಟುಹೋದವರನ್ನು ಸೋಮಾರಿಗಳೆಂದು ಹಳಿದದ್ದು ಅನ್ಯಾಯ. ಒಕ್ಕಲಿಗರ ಸಹಕಾರ ಸಂಘ ಹಾಲು, ತರಕಾರಿ ಕೊಂಡು ಮಾರಲು ಸೆಣಸುತ್ತಿತ್ತು, ನಿಜ. ಆದರೆ ಹತ್ತಿರದ ಪೇಟೆಯಾದ ಆಂಕರೇಜಿನ ಜನ 1940ರಲ್ಲೂ 4 ಸಾವಿರಕ್ಕೆ ಕಡಿಮೆ. ಸಾಲ ಬೆಳೆಯುತ್ತಿತ್ತು, ಕೈಗೆ ಕಾಸು ಬರುತ್ತಿರಲಿಲ್ಲ. ಹೋದವರ ಜಮೀನಿಗೆ ಹೊಸಬರು ಬಂದರು. ಉಳಿದವರಲ್ಲಿ ಹಲವರು ಎರಡು ಮೂರು ತುಂಡು ಸೇರಿಸಿ ಹೊಲವನ್ನು ದೊಡ್ಡದು ಮಾಡಿಕೊಂಡರು. 40 ಎಕರೆ ಒಂದು ಕುಟುಂಬಕ್ಕೆ ಸಾಲದೆಂಬುದು ಆಗ ಖಚಿತವಾಯಿತು.

ಕಣಿವೆಯ ದಿಕ್ಕು ಬದಲಿಸಿದ್ದು ಎರಡನೆಯ ಮಹಾಯುದ್ಧ. 1940ರಿಂದ ಆಂಕರೇಜಿನ ಪಕ್ಕದಲ್ಲಿ ಫೋರ್ಟ್ ರಿಚರ್ಡ್‌ಸನ್ ಸೇನಾ ನೆಲೆ ಮತ್ತು ಎಲ್ಮೆಂಡಾರ್ಫ್ ವಾಯುನೆಲೆ ಎದ್ದವು. ಸಾವಿರಾರು ಸೈನಿಕರಿಗೆ ಹಾಲು, ಆಲೂಗಡ್ಡೆ ಬೇಕಾಯಿತು. ಮೊದಲ ಸಲ ಕಣಿವೆಯ ಬೆಳೆಗೆ ಭರವಸೆಯ ಗಿರಾಕಿ ಸಿಕ್ಕಿತು. ಅದೇ ನೆಲೆಗಳು ಒಳ್ಳೆಯ ಕೂಲಿಯನ್ನೂ ಕೊಟ್ಟವು. ಹಗಲು ಕಟ್ಟಡ ಕೆಲಸಕ್ಕೆ ಹೋಗಿ ಹೊಲವನ್ನು ಬದಿಗಿಟ್ಟವರು ಅನೇಕರು. ಹೀಗೆ ಒಕ್ಕಲನ್ನು ಉಳಿಸಿದ ಶಕ್ತಿಯೇ ಬೇಸಾಯದಿಂದ ಜನರನ್ನು ಸೆಳೆಯಿತು. 1965ರಲ್ಲಿ ಮೊದಲ ಕುಟುಂಬಗಳ ಪೈಕಿ ಹೊಲದಲ್ಲೇ ಉಳಿದಿದ್ದವು ಸುಮಾರು 20. ಸಹಕಾರ ಸಂಘ ಕಟ್ಟಿದ ‘ಮಟನುಸ್ಕಾ ಮೇಡ್’ ಹಾಲಿನ ಡೈರಿ ಕಷ್ಟಕ್ಕೆ ಸಿಕ್ಕಿ 1980ರ ದಶಕದಲ್ಲಿ ರಾಜ್ಯ ಸರ್ಕಾರದ ವಶಕ್ಕೆ ಹೋಯಿತು, 2007ರಲ್ಲಿ ಮುಚ್ಚಿತು.

ಊರು ಮಾತ್ರ ನಿಂತಿತು. ಮಟನುಸ್ಕಾ ಮತ್ತು ಸುಸಿಟ್ನಾ ಕಣಿವೆಗಳನ್ನು ಒಳಗೊಂಡ ಆಡಳಿತ ಪ್ರದೇಶದಲ್ಲಿ 2020ರ ಜನಗಣತಿಯ ಪ್ರಕಾರ ಒಂದು ಲಕ್ಷಕ್ಕಿಂತ ಹೆಚ್ಚು ಜನರಿದ್ದಾರೆ. ಅವರಲ್ಲಿ ಬಹಳ ಮಂದಿ ಆಂಕರೇಜಿಗೆ ಕೆಲಸಕ್ಕೆ ಹೋಗಿ ಬರುವವರು. ಒಕ್ಕಲಿಗರ ಕಾಲದ ಹೊಲಗಳು ಒಂದೊಂದಾಗಿ ಮನೆ ನಿವೇಶನಗಳಾಗುತ್ತಿವೆ. ಪಾಮರ್‌ನ ನಡುವಿನ ವಸಾಹತು ಕಾಲದ ಕಟ್ಟಡಗಳು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿವೆ. ಕಣಿವೆಯ ಹಳೆಯ ಕೊಟ್ಟಿಗೆಗಳಲ್ಲಿ ಕೆಲವು ಕುಸಿದಿವೆ, ಕೆಲವನ್ನು ಬೇರೆಡೆಗೆ ಸಾಗಿಸಿ ದುರಸ್ತಿ ಮಾಡಿ ಬಳಸಲಾಗುತ್ತಿದೆ.