ಕಡಲಿಗಿಳಿದ ಕಾರಿನ ಬ್ಯಾಟರಿ

ಕರಾವಳಿಯಲ್ಲಿ ರಂಪಣಿ ಬಲೆಯ ಕಾಲದ ಮೀನುಗಾರನಿಗೆ ಮೀನಿನ ಸುಳಿವು ಕೊಡುತ್ತಿದ್ದುದು ಅವನ ಕಣ್ಣು. ನೀರಿನ ಬಣ್ಣ ಬದಲಾಗುವುದು, ಹಕ್ಕಿಗಳು ಒಂದೆಡೆ ಎರಗುವುದು, ಕತ್ತಲ ರಾತ್ರಿಯಲ್ಲಿ ನೀರಿನೊಳಗೆ ಮಿನುಗುವ ಬೆಳಕು ಇವುಗಳನ್ನು ನೋಡಿಯೇ ಬಂಗುಡೆ, ಬೂತಾಯಿಗಳ ಹಿಂಡನ್ನು ಗುರುತಿಸಬೇಕಾಗಿತ್ತು. ಈಗ ಸಣ್ಣ ದೋಣಿಗಳಿಗೂ ಫಿಶ್ ಫೈಂಡರ್, ಜಿಪಿಎಸ್, ವಯರ್‌ಲೆಸ್ ಬಂದಿವೆ. ಈ ಎಲ್ಲ ಉಪಕರಣಗಳ ಜೀವ ಇರುವುದು ದೋಣಿಯ ಮೂಲೆಯಲ್ಲಿ ಕುಳಿತ ಒಂದು ಬ್ಯಾಟರಿಯಲ್ಲಿ.

ಅಂಗಡಿಯಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುವುದು ಕಾರಿನ ಬ್ಯಾಟರಿ. ದೋಣಿಯ ಉಪಕರಣಗಳಿಗೂ ಬೇಕಾದದ್ದು 12 ವೋಲ್ಟ್, ಇದರಲ್ಲಿರುವುದೂ 12 ವೋಲ್ಟ್. ಅಂದ ಮೇಲೆ ಇದೇ ಸಾಲದೇ? ಸಾಲದು. ಏಕೆಂಬುದು ತಿಳಿಯಬೇಕಾದರೆ ಬ್ಯಾಟರಿಯ ಚರಿತ್ರೆಯನ್ನು ಸ್ವಲ್ಪ ಕೆದಕಬೇಕು.

ಸೀಸದ ಸುರುಳಿ

ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿಯನ್ನು 1859ರಲ್ಲಿ ರೂಪಿಸಿದವನು ಫ್ರಾನ್ಸಿನ ವಿಜ್ಞಾನಿ ಗಾಸ್ಟನ್ ಪ್ಲಾಂಟೆ. ಸೀಸದ ಎರಡು ಹಾಳೆಗಳನ್ನು ಸುರುಳಿ ಸುತ್ತಿ ಅವನು ಗಂಧಕಾಮ್ಲದಲ್ಲಿ ಮುಳುಗಿಸಿದ. 1881ರಲ್ಲಿ ಅದೇ ದೇಶದ ಕಮೀಲ್ ಫೋರ್ ಸೀಸದ ತಗಡಿನ ಮೇಲೆ ಸೀಸದ ಆಕ್ಸೈಡಿನ ಲೇಪ ಹಚ್ಚಿ ಅದರ ಶಕ್ತಿಯನ್ನು ಬಹುಪಾಲು ಹೆಚ್ಚಿಸಿದ. ಇಂದಿನ ಸೀಸದ ಬ್ಯಾಟರಿಗಳೆಲ್ಲ ಇದೇ ವಂಶದವು.

ಈ ವಂಶ ಕವಲೊಡೆದದ್ದು ಮೋಟಾರು ಕಾರಿನಿಂದಾಗಿ. ಮೊದಲು ಕಾರಿನ ಎಂಜಿನ್ನನ್ನು ಹಿಡಿಕೆ ತಿರುಗಿಸಿ ಚಾಲನೆ ಮಾಡಬೇಕಿತ್ತು; ಹಿಡಿಕೆ ಹಿಂದಕ್ಕೆ ಹೊಡೆದು ಕೈ ಮುರಿದುಕೊಂಡವರಿದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಸ್ಟಾರ್ಟರಿಗೆ ಬೇಕಾದದ್ದು ಕೆಲವೇ ಸೆಕೆಂಡುಗಳ ಕಾಲ ನೂರಾರು ಆಂಪಿಯರ್ ವಿದ್ಯುತ್. ಅದಕ್ಕಾಗಿ ಬ್ಯಾಟರಿಯಲ್ಲಿ ತೆಳುವಾದ ಪ್ಲೇಟುಗಳನ್ನು ಹೆಚ್ಚು ಸಂಖ್ಯೆಯಲ್ಲಿ ಜೋಡಿಸುವ ಪದ್ಧತಿ ಬೆಳೆಯಿತು. ಒಮ್ಮೆ ಎಂಜಿನ್ ಚಾಲೂ ಆದರೆ ಖರ್ಚಾದ ಅಲ್ಪ ವಿದ್ಯುತ್ತು ಕೂಡಲೇ ಮರುಭರ್ತಿಯಾಗುತ್ತದೆ. ಅಂದರೆ ಕಾರಿನ ಬ್ಯಾಟರಿ ಓಟದ ಕುದುರೆ. ದಿನವಿಡೀ ಗಾಡಿ ಎಳೆಯುವ ಎತ್ತಲ್ಲ.

ದೋಣಿಗೆ ಬಂದ ಯಂತ್ರಗಳು

ಎತ್ತಿನ ಕೆಲಸ ಹುಟ್ಟಿಕೊಂಡದ್ದು ತಡವಾಗಿ. ನೀರಿನೊಳಕ್ಕೆ ಶಬ್ದ ಕಳುಹಿಸಿ, ಮರಳುವ ಪ್ರತಿಧ್ವನಿಯಿಂದ ಆಳ ಅಳೆಯುವ ಯಂತ್ರ ಮೊದಲು ದೊಡ್ಡ ಹಡಗುಗಳಲ್ಲಷ್ಟೇ ಇತ್ತು. ಎರಡನೇ ಮಹಾಯುದ್ಧದ ನಂತರ ಜಪಾನಿನ ನಾಗಸಾಕಿ ಪ್ರಾಂತ್ಯದ ಫುರುನೊ ಸಹೋದರರು ಈ ತಂತ್ರವನ್ನು ಮೀನಿನ ಹಿಂಡು ಪತ್ತೆಗೆ ಹೊಂದಿಸಿ, 1948ರಲ್ಲಿ ಫಿಶ್ ಫೈಂಡರನ್ನು ಮಾರುಕಟ್ಟೆಗೆ ತಂದರು. ಅಂದಿನ ಯಂತ್ರಗಳಲ್ಲಿದ್ದುದು ವಾಲ್ವುಗಳು. ಅವುಗಳನ್ನು ಬಿಸಿಯಾಗಿಡಲಿಕ್ಕೇ ಸಾಕಷ್ಟು ವಿದ್ಯುತ್ ಬೇಕಾಗುತ್ತಿತ್ತು. 1947ರಲ್ಲಿ ಅಮೆರಿಕದಲ್ಲಿ ಜನಿಸಿದ ಟ್ರಾನ್ಸಿಸ್ಟರ್ ಈ ಅಡ್ಡಿಯನ್ನು ನಿವಾರಿಸಿತು. 1950ರ ದಶಕದ ಕೊನೆಗೆ ಅಮೆರಿಕದ ಕಾರ್ಲ್ ಲೋರೆನ್ಸ್ ಕೈಯಲ್ಲಿ ಹೊತ್ತೊಯ್ಯಬಹುದಾದ ಶೋಧಕವನ್ನು ತಯಾರಿಸಿದ. ಸಣ್ಣ ದೋಣಿಗೂ ಬ್ಯಾಟರಿಯಿಂದ ನಡೆಯುವ ಯಂತ್ರ ಬಂದದ್ದು ಹೀಗೆ.

ಯಂತ್ರ ಬಂತು, ಅದಕ್ಕೆ ತಕ್ಕ ಬ್ಯಾಟರಿಯ ಬದಲು ಕೈಗೆ ಸಿಕ್ಕಿದ್ದು ಕಾರಿನದು. ಫಿಶ್ ಫೈಂಡರ್ ಕೇಳುವುದು ಸ್ವಲ್ಪವೇ ವಿದ್ಯುತ್ತು, ಆದರೆ ಗಂಟೆಗಟ್ಟಲೆ. ಹೀಗೆ ಬ್ಯಾಟರಿ ದಿನದಿನವೂ ತಳ ಕಂಡರೆ ತೆಳು ಪ್ಲೇಟುಗಳ ಲೇಪ ಉದುರುತ್ತದೆ. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸೀಸದ ಸಲ್ಫೇಟ್ ಹರಳುಗಟ್ಟಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಈ ಕೆಲಸಕ್ಕೆ ಬೇಕಾದದ್ದು ದಪ್ಪ ಪ್ಲೇಟಿನ, ‘ಡೀಪ್ ಸೈಕಲ್’ ಎಂದು ಕರೆಯಲಾಗುವ ಬ್ಯಾಟರಿ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯೂ ಇದೇ ಜಾತಿಯದು.

ಲೆಕ್ಕಾಚಾರ ಹೀಗೆ

ಎಷ್ಟು ದೊಡ್ಡ ಬ್ಯಾಟರಿ ಬೇಕೆಂಬುದಕ್ಕೆ ಸರಳ ಲೆಕ್ಕವಿದೆ. ಉದಾಹರಣೆಗೆ, ಫಿಶ್ ಫೈಂಡರಿಗೆ 1 ಆಂಪಿಯರ್, ಜಿಪಿಎಸ್‌ಗೆ ಅರ್ಧ, ಸುಮ್ಮನೆ ಕೇಳುತ್ತಿರುವ ವಯರ್‌ಲೆಸ್‌ಗೆ ಅರ್ಧ ಎಂದಿಟ್ಟುಕೊಂಡರೆ ಒಟ್ಟು 2 ಆಂಪಿಯರ್. 10 ಗಂಟೆಗೆ 20 ಆಂಪಿಯರ್-ಅವರ್. ವಯರ್‌ಲೆಸ್‌ನಲ್ಲಿ ಮಾತನಾಡುವಾಗ ಮಾತ್ರ 5-6 ಆಂಪಿಯರ್ ಬೇಕಾದೀತು. ಅರ್ಧ ಗಂಟೆಯ ಮಾತಿಗೆ ಇನ್ನೊಂದು 3. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಬಾರದೆಂಬುದು ರೂಢಿ. ಹಾಗಾಗಿ 23ರ ಖರ್ಚಿಗೆ ಸುಮಾರು 50 ಆಂಪಿಯರ್-ಅವರ್ ಬ್ಯಾಟರಿ ಬೇಕು.

ಸಮುದ್ರಕ್ಕೆ ತನ್ನದೇ ಷರತ್ತುಗಳೂ ಇವೆ. ದೋಣಿ ಹೊಯ್ದಾಡಿದಾಗ ಆಸಿಡ್ ಚೆಲ್ಲುತ್ತದೆ. ಉಪ್ಪುನೀರು ಬ್ಯಾಟರಿಯೊಳಗೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮಹಾಯುದ್ಧಗಳ ಕಾಲದ ಜಲಾಂತರ್ಗಾಮಿಗಳ ನಾವಿಕರು ಅದಕ್ಕೆ ಅಂಜುತ್ತಿದ್ದರು. 1950ರ ದಶಕದಲ್ಲಿ ಜರ್ಮನಿಯಲ್ಲಿ ಆಸಿಡನ್ನು ಲೋಳೆಯಾಗಿಸಿದ ಜೆಲ್ ಬ್ಯಾಟರಿ, 1970ರ ದಶಕದಲ್ಲಿ ಅಮೆರಿಕದಲ್ಲಿ ಗಾಜಿನ ನಾರಿನಲ್ಲಿ ಆಸಿಡ್ ಹೀರಿಸಿದ ಎಜಿಎಂ ಬ್ಯಾಟರಿ ಬಂದ ಮೇಲೆ ಆಸಿಡ್ ಚೆಲ್ಲುವ ತೊಂದರೆ ತಪ್ಪಿತು.

ಹೊಸ ತಲೆಮಾರಿನದು ಲೀಥಿಯಂ ಐರನ್ ಫಾಸ್ಫೇಟ್. ಇದರ ಗುಣವನ್ನು 1997ರಲ್ಲಿ ಜಗತ್ತಿಗೆ ತಿಳಿಸಿದ ಪ್ರಬಂಧದಲ್ಲಿ ಮುಂದೆ ನೊಬೆಲ್ ಪಡೆದ ಜಾನ್ ಗುಡ್‌ಎನಫ್ ಅವರೊಂದಿಗೆ ಎ.ಕೆ. ಪಾಧಿ ಮತ್ತು ಕೆ.ಎಸ್. ನಂಜುಂಡಸ್ವಾಮಿ ಅವರ ಹೆಸರುಗಳಿವೆ. ಈ ಬ್ಯಾಟರಿ ಸೀಸದ್ದಕ್ಕಿಂತ ಅರ್ಧದಷ್ಟು ಹಗುರ; ಶೇಕಡಾ 80ರಷ್ಟನ್ನು ನಿರಾತಂಕವಾಗಿ ಬಳಸಬಹುದು. ಆದರೆ ಬೆಲೆ ಹೆಚ್ಚು, ಚಾರ್ಜರೂ ಅದಕ್ಕೆ ಹೊಂದುವಂಥದ್ದೇ ಬೇಕು. ಇನ್ನೊಂದು ಎಚ್ಚರಿಕೆ: ಸೀಸದ ಬ್ಯಾಟರಿ ಸೋಲುವ ಮುನ್ನ ಅದರ ವೋಲ್ಟೇಜು ನಿಧಾನವಾಗಿ ಇಳಿದು ಸೂಚನೆ ಕೊಡುತ್ತದೆ. ಲೀಥಿಯಂ ಕೊನೆಯವರೆಗೂ ಬಹುತೇಕ ಸಮನಾಗಿ ಕೊಟ್ಟು, ನಂತರ ಒಮ್ಮೆಲೇ ಕೈಬಿಡುತ್ತದೆ.

ಎರಡು ಬೇಕು

ಸೆಲ್ಫ್ ಸ್ಟಾರ್ಟ್ ಎಂಜಿನ್ ಇರುವ ದೋಣಿಗೆ ಈ ಚರಿತ್ರೆ ಕಲಿಸುವ ಮುಖ್ಯ ಪಾಠ, ಎಂಜಿನ್ ಚಾಲನೆಗೊಂದು, ಉಪಕರಣಗಳಿಗೊಂದು ಪ್ರತ್ಯೇಕ ಬ್ಯಾಟರಿ ಇರಬೇಕೆಂಬುದು. ಒಂದನ್ನೇ ಎರಡಕ್ಕೂ ದುಡಿಸಿದರೆ ಅದು ಸೋತ ರಾತ್ರಿ ಎಂಜಿನ್ನೂ ಏಳುವುದಿಲ್ಲ, ವಯರ್‌ಲೆಸ್ಸೂ ಮಾತನಾಡುವುದಿಲ್ಲ.

2017ರ ನವೆಂಬರ್ ಕೊನೆಯಲ್ಲಿ ಬಂದ ಓಖಿ ಚಂಡಮಾರುತದಲ್ಲಿ ಆಗಲೇ ದೂರ ಸಮುದ್ರದಲ್ಲಿದ್ದ ಕೇರಳ, ತಮಿಳುನಾಡಿನ ಅನೇಕ ಮೀನುಗಾರರಿಗೆ ಮುನ್ನೆಚ್ಚರಿಕೆ ತಲುಪಲೇ ಇಲ್ಲ. ಆ ಬಳಿಕ ಉಪಗ್ರಹದ ಮೂಲಕ ದೋಣಿಗೆ ಸಂದೇಶ ಮುಟ್ಟಿಸುವ ಸಾಧನಗಳು ಬಂದವು. ಉಪಗ್ರಹ ಬಾನಿನಿಂದ ಕೂಗಿ ಹೇಳಬಹುದು. ಅದು ಕೇಳಿಸಬೇಕಾದರೆ ದೋಣಿಯ ಮೂಲೆಯ ಆ ಪೆಟ್ಟಿಗೆಯಲ್ಲಿ ಚಾರ್ಜ್ ಉಳಿದಿರಬೇಕು.